ನಾಲ್ಕನೇ ಸೀಟಿನ ಗಣಿತ

ಭಾನುವಾರ ಬೆಳಗ್ಗೆ ಪಕ್ಕದ ಮನೆಯ ಹುಡುಗಿ ಒಂದು ಫಾರಮ್ ಹಿಡಿದುಕೊಂಡು ಬಂದಳು. ಅವಳ ಅಪ್ಪ ವಿಜಯಪುರದ ಕಡೆಯ ಗೌಂಡಿ. ನಮ್ಮೂರು ದಿವಾದ ಅರ್ಧ ಕಟ್ಟಡಗಳಿಗೆ ಇಟ್ಟಿಗೆ ಇಟ್ಟವನು ನಾನೇ ಎನ್ನುತ್ತಾನೆ. ಯಾವ ಅರ್ಧ ಎಂಬುದನ್ನು ಮಾತ್ರ ಪಾಲಿಕೆಯ ಜೀಪು ಊರೊಳಗೆ ಇಲ್ಲದ ದಿನ ಹೇಳುತ್ತಾನೆ. ಹುಡುಗಿ ಹನ್ನೆರಡನೆಯದು ಮುಗಿಸಿ ದಾದರಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ.

“ಕಾಕಾ, ಇದ ಕಮ್ಯುನಿಟಿ ಕಾಲೇಜಂತ್ರಿ. ಗಣಿತದ ಕೋರ್ಸ್ ಐತಿ. ಸೇರಲೋ ಬ್ಯಾಡೋ ಹೇಳ್ರಿ.”

ಕನ್ನಡಕ ಹಾಕಿಕೊಂಡು ನೋಡಿದೆ. ಕಾಲೇಜಿನ ಹೆಸರು ಬೇಡ. ಹೆಸರಿನೊಳಗೆ ‘ಇಂಟರ್‌ನ್ಯಾಷನಲ್’ ಇತ್ತು, ವಿಳಾಸದೊಳಗೆ ‘ಮೆಡಿಕಲ್ ಅಂಗಡಿಯ ಮೇಲೆ’ ಇತ್ತು. ಸಮುದಾಯ ಕಾಲೇಜು ಎಂದರೆ ಸಮುದಾಯ ಭವನದ ತಮ್ಮ, ಮದುವೆ ಇಲ್ಲದ ದಿನ ಅಲ್ಲಿ ಪಾಠ ನಡೆಯುತ್ತದೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಮೂಲ ಅಮೆರಿಕದ್ದು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಶುರುವಾದದ್ದು. ಊರವರು ಯಾರೂ ಬರಬಹುದು, ಯಾವ ವಯಸ್ಸಿಗೂ ಬರಬಹುದು. ಕೂಡು-ಕಳೆಯಿಂದ ಹಿಡಿದು ಕ್ಯಾಲ್ಕುಲಸ್‌ವರೆಗೆ ಎಲ್ಲಿ ಬಿಟ್ಟಿದ್ದೀರೋ ಅಲ್ಲಿಂದ ಹಿಡಿಯಬಹುದು. ನಮ್ಮ ಯುಜಿಸಿ 2013ರಲ್ಲಿ ಅದನ್ನೇ ಯೋಜನೆ ಮಾಡಿ ಹಂಚಿತು. ಸೂತ್ರವೂ ಸರಳ: ನೂರರಲ್ಲಿ 60 ಪಾಲು ಕೌಶಲ, 40 ಪಾಲು ಸಾಮಾನ್ಯ ಶಿಕ್ಷಣ. ಈ ಫಾರಮ್ಮಿನಲ್ಲಿ ಗಣಿತ ಆ ನಲವತ್ತರೊಳಗೆ, ಕೈಕುಲುಕುವುದು ಹೇಗೆ ಎಂಬ ಪಾಠಕ್ಕೂ ಇಂಗ್ಲಿಷಿನಲ್ಲಿ ಸಾರಿ ಹೇಳುವುದು ಹೇಗೆ ಎಂಬ ಪಾಠಕ್ಕೂ ಆಚೆ, ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಾಗಿ ತುದಿಯಲ್ಲಿ ಕೂತಿತ್ತು.

ಮುಂಬಯಿ ಕನ್ನಡಿಗರಿಗೆ ಈ ಪದಾರ್ಥ ಹೊಸತೇನಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳು ಇನ್ನೇನು? ಹಗಲು ಕೋಟೆ ಭಾಗದ ಹೋಟೆಲಿನಲ್ಲಿ ಮಾಣಿ, ರಾತ್ರಿ ಎಂಟನೇ ಕ್ಲಾಸಿನಲ್ಲಿ ವಿದ್ಯಾರ್ಥಿ. ಯುಜಿಸಿಗೆ ‘ಕೌಶಲ’ ಎಂಬ ಪದ ಸಿಗುವ ಎಷ್ಟೋ ಮೊದಲೇ ನಮ್ಮ ಹುಡುಗರು 60ರ ಪಾಲನ್ನು ಹಗಲಿಗೂ 40ರ ಪಾಲನ್ನು ರಾತ್ರಿಗೂ ಹಂಚಿಕೊಂಡಿದ್ದರು. ನಾನೂ ಅಂಥದೊಂದು ಶಾಲೆಯ ಹಿಂದಿನ ಬೆಂಚಿನವನು. ಗಣಿತ ಕಲಿತದ್ದು ಮಾತ್ರ ಹೋಟೆಲಿನಲ್ಲೇ. ಆಗ ಬಿಲ್ಲು ಬರೆದು ಕೊಡುವ ಪದ್ಧತಿ ಇರಲಿಲ್ಲ. ಗಿರಾಕಿ ಕೈ ತೊಳೆದು ಗಲ್ಲೆಯ ಕಡೆ ನಡೆದರೆ, ಒಳಗಿನಿಂದಲೇ ಮಾಣಿ ಕೂಗಬೇಕು: “ಕೆಂಪು ಶರ್ಟು, ಒಂದೂ ಎಂಬತ್ತು! ಕನ್ನಡಕ, ಮೂರೂ ಹತ್ತು! ಹಿಂದಿನ ಇಬ್ಬರು ಒಟ್ಟಿಗೇ!” ಆರು ಮೇಜು, ಇಪ್ಪತ್ತು ಜನ, ಇಡ್ಲಿ ವಡೆ ಕಾಫಿ ಎಲ್ಲ ತಲೆಯಲ್ಲೇ. ಒಂದು ಪೈಸೆ ತಪ್ಪಿದರೆ ಸಂಬಳದಲ್ಲಿ ಕಡಿತ. ಅಷ್ಟು ಚುರುಕಾಗಿ ಉತ್ತರಪತ್ರಿಕೆ ತಿದ್ದುವ ವಿಶ್ವವಿದ್ಯಾಲಯವನ್ನು ನಾನು ಆಮೇಲೆ ಕಾಣಲಿಲ್ಲ. ಅಂಥ ರಾತ್ರಿ ಶಾಲೆಗಳು ಒಂದೊಂದಾಗಿ ಬಾಗಿಲು ಎಳೆದುಕೊಂಡ ಮೇಲೆ ಅದೇ ಸರಕು ಈಗ ಹೊಳೆಯುವ ಕಾಗದದ ಮೇಲೆ, ಶುಲ್ಕದ ಸಮೇತ, ಮೆಡಿಕಲ್ ಅಂಗಡಿಯ ಮೇಲೆ ಬಂದಿದೆ.

“ಏನೇನು ಕಲಿಸ್ತಾರಂತೆ?” ಎಂದೆ.

ಹುಡುಗಿ ಓದಿದಳು. ಧನ ಸಂಖ್ಯೆ, ಋಣ ಸಂಖ್ಯೆ. ಭಿನ್ನರಾಶಿ. ಸರಾಸರಿ. ಕ್ಷೇತ್ರಫಲ. ಕಾಲ ಮತ್ತು ಕೆಲಸ. ಓದುತ್ತ ಓದುತ್ತ ಅವಳಿಗೇ ನಗು ಬಂತು.

ಋಣ ಸಂಖ್ಯೆಯನ್ನು ದಿವಾದವರಿಗೆ ಕಲಿಸುವುದೆಂದರೆ ಮಲ್ಪೆಯವರಿಗೆ ಮೀನು ಮಾರುವುದು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮದು ಮಧ್ಯ ರೈಲ್ವೆಯ ದಾರಿಯಲ್ಲಿ ಮುಂಬ್ರಾ ಮತ್ತು ಕೋಪರ್ ನಡುವಿನ ನಿಲ್ದಾಣ. ಕಲ್ಯಾಣ್, ಡೊಂಬಿವಲಿಗಳಲ್ಲಿ ತುಂಬಿದ ಗಾಡಿ ನಮ್ಮಲ್ಲಿಗೆ ಬರುವಾಗ ಬಾಗಿಲಲ್ಲಿ ಮನುಷ್ಯರು ಕಾಣುವುದಿಲ್ಲ, ಮೊಣಕೈಗಳು ಕಾಣುತ್ತವೆ. ಆದ್ದರಿಂದ ಮುಂಬಯಿಗೆ ಹೋಗಬೇಕಾದವನು ಮೊದಲು ಎದುರು ದಿಕ್ಕಿನ ಗಾಡಿ ಹಿಡಿದು ಡೊಂಬಿವಲಿಗೋ ಕಲ್ಯಾಣ್‌ಗೋ ಹೋಗುತ್ತಾನೆ. ಅದೇ ಗಾಡಿ ಮುಖ ತಿರುಗಿಸಿದಾಗ ಅದರೊಳಗೇ ಕೂತಿರುತ್ತಾನೆ. ‘ಡೌನ್ ಮಾಡಿ ಬರುವುದು’ ಎಂದು ಇದರ ಶಾಸ್ತ್ರೀಯ ಹೆಸರು. ಮುಂದೆ ಹೋಗಲು ಹಿಂದೆ ಹೋಗುವುದು, ಋಣದಿಂದ ಧನ ಪಡೆಯುವುದು. ಬ್ರಹ್ಮಗುಪ್ತ ಋಣಕ್ಕೆ ನಿಯಮ ಬರೆದ. ಟಿಕೆಟ್ ತಪಾಸಣೆಯವರು ಅದಕ್ಕೆ ದಂಡ ಬರೆಯುತ್ತಾರೆ.

ಭಿನ್ನರಾಶಿ ಇನ್ನೂ ಸುಲಭ. ಲೋಕಲ್ಲಿನ ಬೆಂಚು ಮೂವರದ್ದು. ಕೂರುವವರು ನಾಲ್ವರು. ಪುಸ್ತಕದ ಪ್ರಕಾರ ತಲಾ ಮುಕ್ಕಾಲು ಸೀಟು ಸಿಗಬೇಕು. ಸಿಗುವುದಿಲ್ಲ. ಮೂವರಿಗೆ ಒಂದೊಂದು, ನಾಲ್ಕನೆಯವನಿಗೆ ಒಂದು ಗೇಣು. ದೇಹದ ಉಳಿದ ಭಾಗಕ್ಕೆ ಅವನ ಮೊಣಕಾಲೇ ಜವಾಬು. ತಲಾ ಮುಕ್ಕಾಲು ಎಂಬುದು ಕಿಟಕಿಯ ಪಕ್ಕ ಕೂತವನು ಹೇಳುವ ಲೆಕ್ಕ. ದೇಶದ ತಲಾ ಆದಾಯದ ಸುದ್ದಿ ಬಂದಾಗಲೆಲ್ಲ ನನಗೆ ಆ ಕಿಟಕಿಯವನ ಮುಖ ನೆನಪಾಗುತ್ತದೆ. ನಮ್ಮ ಊರೇ ಥಾಣೆ ಮಹಾನಗರ ಪಾಲಿಕೆಯ ನಾಲ್ಕನೇ ಸೀಟು. ತೆರಿಗೆಗೆ ನಾವು ಪೂರ್ಣಾಂಕ, ನೀರಿಗೆ ಭಿನ್ನಾಂಕ. ಥಾಣೆ ನಗರದ ಕಸ ಮಾತ್ರ ವರ್ಷಗಟ್ಟಲೆ ಪೂರ್ತಿಯಾಗಿ ನಮ್ಮಲ್ಲಿಗೇ ಬಂತು, ಅದರಲ್ಲಿ ಯಾರೂ ಪಾಲು ಕೇಳಲಿಲ್ಲ.

ಕ್ಷೇತ್ರಫಲದ ಪಾಠಕ್ಕೆ ಪ್ರಯೋಗವನ್ನೇ ಮಾಡಿದೆವು. ಮುಂಬಯಿಯ ಲೋಕಲ್ ಗಾಡಿಗಳಿಗೆಂದೇ ರೈಲ್ವೆಯವರು ಬಳಸುವ ಒಂದು ಪದವಿದೆ: ಸೂಪರ್ ಡೆನ್ಸ್ ಕ್ರಶ್ ಲೋಡ್. ಅಂದರೆ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಂತಿರುವುದು. ಹಪ್ಪಳಕ್ಕೂ ಇಷ್ಟು ಒತ್ತಡದ ಹೆಸರಿಲ್ಲ. ಹುಡುಗಿ ಅಪ್ಪನ ಟೇಪು ತಂದು ನಮ್ಮ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದಳು. ನಾನು ನಿಂತೆ, ಅವಳು ನಿಂತಳು, ಅವಳ ಇಬ್ಬರು ತಮ್ಮಂದಿರು ನಿಂತರು. ಎದುರು ಮನೆಯ ಕೊಂಕಣಿ ಅಜ್ಜಿ ತಮಾಷೆ ನೋಡಲು ಬಂದವರು ತಾವೂ ಒಳಗೆ ಬಂದರು. ಗೌಂಡಿ ಬಂದ. ಏಳನೆಯವನಾಗಿ ಹಾಲಿನ ಹುಡುಗ ಬಂದ. ಎಂಟನೆಯವಳಾಗಿ ನನ್ನ ಹೆಂಡತಿಯನ್ನು ಕರೆದೆ. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು, “ನಿಮಗೆಲ್ಲ ಬುದ್ಧಿ ಕೆಟ್ಟಿದೆಯಾ? ಅಜ್ಜಿ ಬೀಳ್ತಾರೆ” ಎಂದಳು. ಪ್ರಯೋಗ ಏಳಕ್ಕೇ ನಿಂತಿತು. ಎಂದರೆ, ನನ್ನ ಹೆಂಡತಿಗೆ ಯಾವ ಪದವಿಯೂ ಇಲ್ಲದೆ ತಿಳಿದ ಸಂಗತಿಯ ದುಪ್ಪಟ್ಟನ್ನು ದಿನಕ್ಕೆ ಎರಡು ಹೊತ್ತು ಸಾಗಿಸಿ, ಅದಕ್ಕೊಂದು ಇಂಗ್ಲಿಷ್ ಹೆಸರೂ ಇಟ್ಟುಕೊಂಡಿದ್ದೇವೆ.

ಹುಡುಗಿ ಅಲ್ಲಿಗೆ ಬಿಡಲಿಲ್ಲ. “ಕಾಕಾ, ನಮ್ಮ ರೂಮ್ 300 ಚದರ ಫೂಟ್. ಅಂದ್ರ 28 ಚದರ ಮೀಟರ್‌ಕ್ಕ ಸ್ವಲ್ಪ ಕಡಿಮಿ. ರೈಲಿನ ಲೆಕ್ಕದಾಗ ಇದರೊಳಗ 445 ಮಂದಿ ಹಿಡಿತಾರ ನೋಡ್ರಿ.” ಅವಳ ಅಪ್ಪನ ಮುಖದಲ್ಲಿ ಕ್ಷಣಕಾಲ ಬಿಲ್ಡರನ ಕಳೆ ಬಂತು. ಬೇಗ ಹೋಯಿತು, ದೇವರ ದಯೆ.

ಗೌಂಡಿಯ ಗಣಿತದ ಬಗ್ಗೆಯೂ ಎರಡು ಮಾತು ಹೇಳಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಬರಿಯ ಗೋಡೆ ನೋಡಿ, ಎಷ್ಟು ಇಟ್ಟಿಗೆ, ಎಷ್ಟು ಬ್ರಾಸ್ ಮರಳು, ಒಂದು-ನಾಲ್ಕರ ಮಾಲು ಕಲಸಿದರೆ ಎಷ್ಟು ಚೀಲ ಸಿಮೆಂಟು ಎಂದು ಬೆರಳಿನ ಗೆಣ್ಣಿನ ಮೇಲೆ ಹೇಳುತ್ತಾನೆ. ಒಂದು-ನಾಲ್ಕು ಒಂದು-ಎಂಟು ಆಗುವುದು ಅವನ ಲೆಕ್ಕ ತಪ್ಪಿದ್ದರಿಂದಲ್ಲ, ಇನ್ನೊಬ್ಬರ ಲೆಕ್ಕ ಸರಿಯಾಗಿದ್ದರಿಂದ. ಇಲ್ಲಿಗೆ ಸಮೀಪದ ಶಿಲ್ ಫಾಟಾದಲ್ಲಿ 2013ರ ಏಪ್ರಿಲ್ 4ರಂದು ಅನಧಿಕೃತ ಕಟ್ಟಡವೊಂದು ಕುಸಿದು 74 ಜನ ಸತ್ತರು. ಯುಜಿಸಿಯು ಸಮುದಾಯ ಕಾಲೇಜು ಹಂಚಿದ ವರ್ಷವೇ ಅದು. ಆ ಮಾತು ಬಂದರೆ ಗೌಂಡಿ ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಾನೆ. ನಾವೂ ಮುಂದಿನ ಪಾಠಕ್ಕೆ ಹೋಗೋಣ.

ಕಾಲ ಮತ್ತು ಕೆಲಸ. ಶಾಲೆಯಲ್ಲಿ ಎಲ್ಲರೂ ಮಾಡಿದ್ದೇವೆ: ಹತ್ತು ಆಳು ಒಂದು ಬಾವಿಯನ್ನು ಆರು ದಿನದಲ್ಲಿ ತೋಡಿದರೆ, ಐದು ಆಳಿಗೆ ಎಷ್ಟು ದಿನ? ದಿವಾದ ಆವೃತ್ತಿ ಹೀಗಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಬಂದ ರೈಲು, 1854ರ ಮೇ ತಿಂಗಳಿಗೆ ಖಾಡಿ ದಾಟಿ ಗುಡ್ಡ ಕೊರೆದು ಕಲ್ಯಾಣ್ ಮುಟ್ಟಿತು. ಥಾಣೆಯಿಂದ ದಿವಾಕ್ಕೆ ಐದನೆಯ ಮತ್ತು ಆರನೆಯ ಹಳಿಗಳಿಗೆ 2008ರಲ್ಲಿ ಅಡಿಗಲ್ಲು ಬಿತ್ತು. ಉದ್ಘಾಟನೆ ಆದದ್ದು 2022ರ ಫೆಬ್ರವರಿ 18ರಂದು. ದೂರ ಹೆಚ್ಚುಕಡಿಮೆ 9 ಕಿಲೋಮೀಟರ್, ಕಾಲ 14 ವರ್ಷ. ಹುಡುಗಿ ಮೊಬೈಲ್ ಮುಟ್ಟದೆ ಭಾಗಿಸಿ ಹೇಳಿದಳು: ದಿನಕ್ಕೆ ಎರಡು ಮೀಟರ್ ಕೂಡ ಇಲ್ಲ. ಇದಕ್ಕೆ ಹೋಲಿಸಿದರೆ ಬಸವನಹುಳು ಫಾಸ್ಟ್ ಲೋಕಲ್. ನಮ್ಮ ರೈಲ್ವೆ ಗೇಟಿಗೆ ಬದಲು ಮೇಲ್ಸೇತುವೆ ಕಟ್ಟುವ ಕೆಲಸಕ್ಕೂ ಇದೇ ಸೂತ್ರ. ಗೇಟು ತೆರೆದರೆ ರೈಲು ತಡ, ಮುಚ್ಚಿದರೆ ಊರು ತಡ. ಎರಡು ಅವ್ಯಕ್ತಗಳ ಸಮೀಕರಣ. ಮೇಲ್ಸೇತುವೆ ಎಂಬ ಉತ್ತರಕ್ಕೆ ವರ್ಷಗಟ್ಟಲೆ ಕಂಬಗಳಷ್ಟೇ ಏರಿದವು.

ಇಷ್ಟೆಲ್ಲ ಹೇಳಿದ ಮೇಲೆ ಈ ದಾರಿಯಲ್ಲಿ ನಿಜವಾದ ಗಣಿತ ಹುಟ್ಟಿದ್ದನ್ನು ಹೇಳದಿದ್ದರೆ ಪಾಪ ತಟ್ಟೀತು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬ ಮೇಷ್ಟ್ರು 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿದವರು. ಆಗ ಅದೂ ಥಾಣೆ ಜಿಲ್ಲೆಯೇ. ಓದಿದ್ದು ಥಾಣೆಯ ಶಾಲೆಯಲ್ಲಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಕಲಿಸಿದ್ದು 1930ರಿಂದ 1962ರವರೆಗೆ ನಾಸಿಕ್ ಹತ್ತಿರದ ದೇವಳಾಲಿಯ ಶಾಲೆಯಲ್ಲಿ. ಒಮ್ಮೆ ಮುಂಬಯಿಯಿಂದ 30 ಮೈಲಿ ದೂರದ, ಜಿಐಪಿ ರೈಲ್ವೆಯ ಡೆಮ್ಲೋ ಎಂಬ ನಿಲ್ದಾಣದಲ್ಲಿ ಅವರಿಗೆ ಒಂದು ಜಾತಿಯ ಸಂಖ್ಯೆಗಳ ಯೋಚನೆ ಹೊಳೆಯಿತು. ಹನ್ನೊಂದನ್ನು ಹನ್ನೊಂದರಿಂದ ಗುಣಿಸಿ: 121. ನೂರಾ ಹನ್ನೊಂದನ್ನು ಅದರಿಂದಲೇ ಗುಣಿಸಿ: 12321. ಹೀಗೇ 1234321. ಏರುತ್ತದೆ, ಇಳಿಯುತ್ತದೆ. ಅವಕ್ಕೆ ಅವರು ನಿಲ್ದಾಣದ ಹೆಸರನ್ನೇ ಇಟ್ಟರು, ಡೆಮ್ಲೋ ಸಂಖ್ಯೆಗಳು. ಆ ಡೆಮ್ಲೋ ಬೇರೆಲ್ಲೂ ಅಲ್ಲ; ನಮಗೆ ಕೋಪರ್ ಆದ ಮೇಲೆ ಸಿಗುವ ಡೊಂಬಿವಲಿ.

ಯೋಚಿಸಿ ನೋಡಿ: ಡೊಂಬಿವಲಿಯ ನಿಲ್ದಾಣದಲ್ಲಿ ಒಬ್ಬ ಮನುಷ್ಯ ನಿಂತು ಸಂಖ್ಯೆಗಳ ಬಗ್ಗೆ ಧ್ಯಾನಿಸಿದ. ಯಾರೂ ಅವನನ್ನು ಒಳಗೆ ತಳ್ಳಲಿಲ್ಲ, ಹೊರಗೆ ಎಳೆಯಲಿಲ್ಲ. ಇವತ್ತು ಅದೇ ಜಾಗದಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತು ಹನ್ನೊಂದು ಹನ್ನೊಂದ್ಲಿ ಎಂದು ಶುರು ಮಾಡಿದರೆ, ನೂರಾ ಇಪ್ಪತ್ತೊಂದಕ್ಕೆ ಬರುವಷ್ಟರಲ್ಲಿ ನೀವು ಮುಂಬ್ರಾದಲ್ಲಿರುತ್ತೀರಿ, ನಿಮ್ಮ ಒಂದು ಚಪ್ಪಲಿ ಡೊಂಬಿವಲಿಯಲ್ಲಿರುತ್ತದೆ. ಮೇಷ್ಟ್ರ ಕಾಲದ ಗಾಡಿಯ ಜನಸಂದಣಿಯೂ ಆ ಸಂಖ್ಯೆಯಂತೆ ಏರಿ ಇಳಿಯುತ್ತಿತ್ತೇನೋ. ನಮ್ಮದು ದಿವಾ ಸಂಖ್ಯೆ, ಏರುವುದು ಮಾತ್ರ ಗೊತ್ತು. ಇಳಿಯಬೇಕಾದರೆ ದಾದರ್ ಬರಬೇಕು.

ಈ ಡೆಮ್ಲೋ ಸಂಖ್ಯೆಗಳ ವಿಷಯದಲ್ಲಿ ಕನ್ನಡಿಗರು ಕಾಲರ್ ಎತ್ತಿಕೊಳ್ಳುವ ಒಂದು ಸಂಗತಿಯೂ ಇದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗುಣಾಕಾರದ ಲೆಕ್ಕಗಳಲ್ಲಿ ಅವನು ಉತ್ತರವಾಗಿ ಕೊಡುವ ಒಂದು ಸಂಖ್ಯೆ 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವುದು ಎಂದೇ ಅದನ್ನು ಬಣ್ಣಿಸುತ್ತಾನೆ. ಅಂದರೆ ಡೊಂಬಿವಲಿಯ ಸಂಖ್ಯೆಯನ್ನು ನಮ್ಮವರು ಸಾವಿರ ವರ್ಷ ಮೊದಲೇ ಕಂಡಿದ್ದರು. ಸಂಸ್ಕೃತದಲ್ಲಿ ಬರೆದದ್ದು ಸಾಲದೆಂದು ಹನ್ನೆರಡನೇ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಊರಿನ ಜನಕ್ಕೆ, ಊರಿನ ಭಾಷೆಯಲ್ಲಿ, ವ್ಯವಹಾರಕ್ಕೆ ಬೇಕಾದ ಲೆಕ್ಕ. ಜೋಲಿಯೆಟ್‌ನವರಿಗೆ ಯಾರಾದರೂ ತಿಳಿಸಿ. ಈ ವಿಷಯವನ್ನು ನಾನು ಒಂದು ಸಂಘದ ವಾರ್ಷಿಕೋತ್ಸವದಲ್ಲಿ ಹೇಳಿದೆ. ಭಾರೀ ಚಪ್ಪಾಳೆ. ಆಮೇಲೆ ಊಟದ ತಟ್ಟೆಗಳನ್ನು ಎಣಿಸಿದವರ ಲೆಕ್ಕ ಮೂರು ಸಲವೂ ಬೇರೆ ಬೇರೆ ಬಂತು.

ಕಾಪ್ರೇಕರ್ ಮೇಷ್ಟ್ರ ದೊಡ್ಡ ಶೋಧ ಇನ್ನೊಂದು, 1949ರದ್ದು. ನಾಲ್ಕು ಅಂಕೆಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ಅಂಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. 4321ರಿಂದ 1234 ಕಳೆದರೆ 3087. ಮತ್ತೆ ಹಾಗೆಯೇ, 8730ರಿಂದ 0378 ಕಳೆದರೆ 8352. ಮತ್ತೆ, 8532ರಿಂದ 2358 ಕಳೆದರೆ 6174. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ಕ್ಕೇ ಬರುತ್ತೀರಿ. ಬಂದ ಮೇಲೆ ಅಲ್ಲಿಂದ ಅಲುಗುವುದಿಲ್ಲ.

ಇದನ್ನು ಜಗತ್ತು ಶುದ್ಧ ಗಣಿತ ಎಂದು ಭಾವಿಸಿದೆ. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟವರಿಗೆ ಗೊತ್ತು, ಇದು ಅನ್ವಯಿಕ ಗಣಿತ. ಶೌಚಾಲಯದ ಅರ್ಜಿ ಕೊಡಿ, ನೀರಿನದು ಕೊಡಿ, ದೀಪದ್ದು ಕೊಡಿ. ಮೇಜಿನಿಂದ ಮೇಜಿಗೆ ಹೋಗುತ್ತ ಪ್ರತಿ ಹೆಜ್ಜೆಗೂ ಅದರಿಂದ ಏನಾದರೊಂದು ಕಳೆಯುತ್ತ, ಏಳನೇ ಮೇಜಿಗೆ ಬರುವಷ್ಟರಲ್ಲಿ ಎಲ್ಲಕ್ಕೂ ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ಅಲ್ಲಿಂದ ಅಲುಗುವುದಿಲ್ಲ. ಮೇಷ್ಟ್ರ ನಿಯಮಕ್ಕೆ ಒಂದು ಅಪವಾದವಿದೆ: ನಾಲ್ಕೂ ಅಂಕೆ ಒಂದೇ ಆಗಿದ್ದರೆ, ಉದಾಹರಣೆಗೆ 1111, ಮೊದಲ ಹೆಜ್ಜೆಗೇ ಸೊನ್ನೆ. ಎಲ್ಲರೂ ಒಂದೇ ದನಿಯಲ್ಲಿ ಕೇಳಿದರೆ ಏನು ಸಿಗುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ಯಾವ ರಾಜಕೀಯ ಶಾಸ್ತ್ರಜ್ಞನೂ ಹೇಳಿಲ್ಲ.

ಆದರೆ ದಿವಾ ಈ ಅಪವಾದಕ್ಕೂ ಅಪವಾದ ಬರೆಯಿತು. 2015ರ ಜನವರಿ 2ರಂದು ಲೋಕಲ್‌ಗಳು ಕೆಟ್ಟು ನಿಂತಾಗ ಸಾವಿರಾರು ಜನ ಇಲ್ಲಿ ಹಳಿಗೆ ಇಳಿದರು. ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಬಿತ್ತು. ಒಳ್ಳೆಯದಾಗಲಿಲ್ಲ, ಯಾರ ಹೊಟ್ಟೆಪಾಡಿನದೋ ಗಾಡಿ ಸುಟ್ಟದ್ದನ್ನು ಹೋರಾಟ ಎನ್ನಲು ನನಗೆ ಬಾಯಿ ಬಾರದು. ಆದರೂ ಲೆಕ್ಕ ಲೆಕ್ಕವೇ. ವರ್ಷಗಟ್ಟಲೆ ಬರೆದ ಮನವಿಗಳು ಪರಿಶೀಲನೆಯಲ್ಲಿದ್ದವು. ಆ ದಿನ ಕಳೆದು ಎರಡು ವರ್ಷ ತುಂಬುವ ಮೊದಲು, 2016ರ ಡಿಸೆಂಬರ್‌ನಲ್ಲಿ, ದಿವಾದಲ್ಲಿ ಫಾಸ್ಟ್ ಲೋಕಲ್ ನಿಲ್ಲತೊಡಗಿತು. ಮಕ್ಕಳಿಗೆ ಇದರಿಂದ ಯಾವ ಗಣಿತ ಕಲಿಸಬೇಕು ಎಂದು ಆ ಫಾರಮ್ಮಿನಲ್ಲಿ ಬರೆದಿರಲಿಲ್ಲ.

ಕಾಪ್ರೇಕರ್ ಹೆಸರು ಲೋಕಕ್ಕೆ ತಿಳಿದದ್ದು 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತನ್ನ ಅಂಕಣದಲ್ಲಿ ಬರೆದ ಮೇಲೆ. ಅಲ್ಲಿಯವರೆಗೆ ನಮ್ಮ ದೊಡ್ಡ ದೊಡ್ಡ ಗಣಿತಜ್ಞರಿಗೆ ಅವರು ಸಂಖ್ಯೆಗಳೊಂದಿಗೆ ಆಟವಾಡುವ ಒಬ್ಬ ಸ್ಕೂಲ್ ಮೇಷ್ಟ್ರು. ಇದ್ದದ್ದು ಒಂದು ಬಿಎಸ್ಸಿ. ಇವತ್ತು ಅವರು ಬದುಕಿ ಬಂದು ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರೆ, ಎಂಎಸ್ಸಿ ಎಲ್ಲಿ, ನೆಟ್ ಎಲ್ಲಿ ಎಂದು ಕೇಳಿ ಕಳಿಸುತ್ತಾರೆ. ಅವರ ಹೆಸರಿನ ಸ್ಥಿರಾಂಕವಾದ 6174 ಮಾತ್ರ ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಇರುತ್ತದೆ.

ಸರಾಸರಿಯ ಪಾಠವನ್ನು ನಾನು ಬೇಕೆಂದೇ ಕೊನೆಗಿಟ್ಟೆ. ಮುಂಬಯಿಯ ಉಪನಗರ ರೈಲು ದಾರಿಗಳಲ್ಲಿ ಬಿದ್ದು, ಹಳಿ ದಾಟುವಾಗ ಸಿಕ್ಕಿ, ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ದಿನದ ಸರಾಸರಿ ಆರೇಳು. ಈ ಆರೇಳು ಎಂಬುದು ವಿಚಿತ್ರ ಸಂಖ್ಯೆ. ದಿನಾ ಆರೇಳು ಆದರೆ ಸುದ್ದಿಯಲ್ಲ. ಒಂದೇ ಜಾಗದಲ್ಲಿ ಒಂದೇ ನಿಮಿಷಕ್ಕೆ ನಾಲ್ಕಾದರೆ ಸುದ್ದಿ. 2025ರ ಜೂನ್ 9ರ ಬೆಳಗ್ಗೆ ಅದೇ ಆಯಿತು. ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಎದುರುಬದುರು ಹಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತುಕೊಂಡಿದ್ದವರು ಒಬ್ಬರಿಗೊಬ್ಬರು ತಾಗಿ ಕೆಳಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಬೆನ್ನಿಗೆ ಹಾಕಿಕೊಂಡ ಬ್ಯಾಗುಗಳು ತಾಗಿದವು ಎಂದರು. ನಾಲ್ಕು ಜನ, ಎರಡು ಗಾಡಿ, ಒಂದು ತಿರುವು. ಕೂಡಿಸಲು ಯಾವ ಕಾಲೇಜೂ ಬೇಡ.

ಅದೇ ವಾರ ಪ್ರಕಟಣೆ ಬಂತು: ಇನ್ನು ಮುಂದೆ ಹೊಸ ಲೋಕಲ್‌ಗಳಿಗೆಲ್ಲ ತಾನೇ ಮುಚ್ಚಿಕೊಳ್ಳುವ ಬಾಗಿಲು. ಹುಡುಗಿ ಅದನ್ನು ನೆನಪಿಟ್ಟುಕೊಂಡಿದ್ದಳು.

“ಬಾಗಲಾ ಮುಚ್ಚತಾರಂತ, ಛಲೋ ಆತು. ಈಗ ಬಾಗಲದಾಗ ನೇತಾಡೋ ಮಂದಿನ್ನ ಎಲ್ಲಿ ನಿಂದರಸ್ತಾರ್ರಿ, ಕಾಕಾ?”

ಕೂಡುವಾಗ ದಶಕ ಉಳಿದರೆ ಕೈಯಲ್ಲಿಟ್ಟುಕೊಂಡು ಮುಂದಿನ ಮನೆಗೆ ಸೇರಿಸಬೇಕು ಎಂದು ಎರಡನೇ ಕ್ಲಾಸಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಕೈಯಲ್ಲಿ ಉಳಿದದ್ದನ್ನು ಮರೆತರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಈ ಪ್ರಕಟಣೆ ಬರೆದವರಿಗೆ ಅಂಥ ಮೇಷ್ಟ್ರು ಸಿಗಲಿಲ್ಲ. ಚದರ ಮೀಟರಿಗೆ 16 ಜನರನ್ನು ತುಂಬಿ ಅದಕ್ಕೆ ಹೆಸರಿಟ್ಟವರಿಗೂ, 9 ಕಿಲೋಮೀಟರಿಗೆ 14 ವರ್ಷ ಹಿಡಿದವರಿಗೂ, ಮನೆಗೆ ಮೊದಲು ಪರವಾನಗಿಯೋ ಮೊದಲು ಗೋಡೆಯೋ ಎಂಬ ಕ್ರಮ ತಪ್ಪಿದವರಿಗೂ ಸಿಗಲಿಲ್ಲ. ಫಾರಮ್ಮಿನ ಹಿಂಬದಿಯಲ್ಲಿ ಒಂದು ಸಾಲು ಇತ್ತು: ಮೂಲ ಗಣಿತದಲ್ಲಿ ಹಿಂದುಳಿದವರಿಗೆ ಆದ್ಯತೆ, ವಯಸ್ಸಿನ ಮಿತಿ ಇಲ್ಲ.

“ಮಗಾ, ಇದು ನಿನಗಲ್ಲ” ಎಂದೆ. “ನೀನು ಸೇರಿದರೆ ಅರ್ಹರೊಬ್ಬರ ಸೀಟು ಹೋಗುತ್ತದೆ.”

ಅವಳು ಒಂದು ನಿಮಿಷ ಸುಮ್ಮನೆ ನಿಂತು, ಫಾರಮ್ಮನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು. ಸಂಜೆ ತಮ್ಮಂದಿರಿಗೆ ಮಗ್ಗಿ ಹೇಳಿಸುವ ಅವಳ ದನಿ ಗೋಡೆಯಾಚೆಯಿಂದ ಕೇಳಿತು. ಗೋಡೆ ಅಷ್ಟು ತೆಳು, ಬಹುಶಃ ಒಂದು-ಎಂಟು.

ಫಾರಮ್ಮಿನ ಇಪ್ಪತ್ತು ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ರೈಲ್ವೆ, ಪಾಲಿಕೆ, ಮಂತ್ರಾಲಯಗಳಲ್ಲಿ ಪರಿಚಯದವರು ಇರುವ ಓದುಗರು ದಯವಿಟ್ಟು ಬಂದು ಒಯ್ದು ತಲುಪಿಸಿ. ವಾರದ ಯಾವ ದಿನವಾದರೂ ಬೆಳಗ್ಗೆ ಎಂಟಕ್ಕೆ ದಿವಾ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತೇನೆ. ಊರಿನ ರೈಲು ಹಿಡಿದು ಬರುತ್ತೇನೆ ಎನ್ನಬೇಡಿ. ಮತ್ಸ್ಯಗಂಧ ನಮ್ಮ ಮೂಗಿನ ಕೆಳಗೇ ಪನ್ವೇಲ್‌ಗೆ ತಿರುಗುತ್ತದೆ, ನಿಲ್ಲುವುದಿಲ್ಲ. ಲೋಕಲ್‌ನಲ್ಲೇ ಬನ್ನಿ. ಬ್ಯಾಗನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಂಡು ಬನ್ನಿ.